ಮೂರು ಮಿಲಿಮೀಟರ್ ಸಂದಿಯ ಸಂಸಾರ

ಹೊಸ ಬಾಗಿಲಿನ ಬೆಲೆ ಕೇಳಿದ ದಿನವೇ ನಮ್ಮ ಮನೆಯಲ್ಲಿ ಎಲ್ಲರಿಗೂ ಹಳೆಯ ಬಾಗಿಲಿನ ಮೇಲೆ ಪ್ರೀತಿ ಹುಟ್ಟಿತು. "ಮರ ನೋಡು, ಎಷ್ಟು ಗಟ್ಟಿ! ಈಗ ಇಂಥದ್ದೆಲ್ಲ ಎಲ್ಲಿ ಸಿಗುತ್ತೆ?" ಎಂದು ಯಜಮಾನರು ಕದವನ್ನು ಅಭಿಮಾನದಿಂದ ತಟ್ಟಿದರು. ತಟ್ಟಿದ ಜಾಗದಿಂದ ಅಂಗೈಯಗಲದ ಬಣ್ಣದ ಚಕ್ಕೆ ಎದ್ದು ಅವರ ಪಾದದ ಮೇಲೆಯೇ ಬಿತ್ತು. ಯಾರೂ ನೋಡಲಿಲ್ಲವೆಂಬ ಧೈರ್ಯದಿಂದ ಅದನ್ನು ಕಾಲಲ್ಲೇ ಕಪಾಟಿನಡಿಗೆ ತಳ್ಳಿದರು. ಕಡಿಮೆ ಖರ್ಚಿನಲ್ಲಿ ಕಿಟಕಿ ಬಾಗಿಲುಗಳಿಗೆ ಕಳೆ ಕೊಡುವ ನಮ್ಮ ಮಹಾ ಕಾರ್ಯಕ್ರಮ ಶುರುವಾದದ್ದು ಹೀಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೋಡೆ ಬಡಪಾಯಿ, ಏನು ಬಳಿದರೂ ನಿಂತಲ್ಲೇ ನಿಂತು ಬಳಿಸಿಕೊಳ್ಳುತ್ತದೆ. ಬಾಗಿಲಿಗೆ ದಿನವಿಡೀ ಓಡಾಟ. ಕದಕ್ಕೂ ಚೌಕಟ್ಟಿಗೂ ನಡುವೆ ಬಡಗಿ ಬಿಟ್ಟಿರುವ ಸಂದಿ ಸುಮಾರು 3 ಮಿಲಿಮೀಟರ್. ಬಾಗಿಲಿಗೆ ನೀವು ಮಾಡುವ ಅಲಂಕಾರವೆಲ್ಲ ಆ 3 ಮಿಲಿಮೀಟರ್ ಒಳಗೇ ಮುಗಿಯಬೇಕು. 'ವಾರಾಂತ್ಯದಲ್ಲಿ ಬಾಗಿಲು ಮಿಂಚಿಸಿ' ಎನ್ನುವ ವಿಡಿಯೋಗಳಲ್ಲಿ ಬಾಗಿಲನ್ನು ಯಾರೂ ಮುಚ್ಚಿ ತೋರಿಸುವುದಿಲ್ಲ. ಯಾಕೆಂದು ನನಗೆ ಈಗ ಗೊತ್ತು.

ಅತ್ತೆ ಮಾತ್ರ ಒಂದೇ ಸಲಹೆ ಕೊಟ್ಟರು: "ಮೊದಲು ತೊಳೀರಿ." ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಚೆನ್ನಾಗಿ ಹಿಂಡಿದ ಬಟ್ಟೆ, ಮರ ನೀರು ಕುಡಿಯುವ ಮುಂಚೆಯೇ ಒಣಬಟ್ಟೆಯಿಂದ ಒರೆಸುವುದು. ಇಷ್ಟೇ. ವರ್ಷಗಟ್ಟಲೆ 'ಕ್ರೀಮ್ ಕಲರ್' ಎಂದು ನಾವು ಹೇಳಿಕೊಂಡು ಬಂದ ಕೋಣೆಯ ಕದ ಅಸಲಿಗೆ ಬಿಳಿಯದು ಎಂದು ಆಗ ತಿಳಿಯಿತು. ಅದಕ್ಕೆ ಹೊಂದಿಸಿ ತಂದಿದ್ದ ಕ್ರೀಮ್ ಪರದೆ ಈಗ ಅನಾಥ. ತೊಳೆದ ಮೇಲೆ ಬಾಗಿಲುಗಳು ಎಷ್ಟು ಚೆನ್ನಾಗಿ ಕಂಡವೆಂದರೆ, "ಇಷ್ಟು ಸಾಕಲ್ವಾ?" ಎಂದು ಅತ್ತೆ ಕೇಳಿದರು. ಅಷ್ಟರಲ್ಲಿ ಬಣ್ಣದ ಡಬ್ಬ ಬಂದಾಗಿತ್ತು. ತೆರೆದ ಡಬ್ಬಕ್ಕೂ ಹಿಡಿದ ಹಟಕ್ಕೂ ವಾಪಸಾತಿ ಇಲ್ಲ.

ಗಾಜಿನದ್ದು ಬೇರೆ ರಾಮಾಯಣ. ಬಿಸಿಲು ಬೀಳುವಾಗ ಗಾಜು ಒರೆಸಬಾರದು; ಒರೆಸುವ ಮುಂಚೆಯೇ ನೀರು ಆರಿ ಗೆರೆ ಬೀಳುತ್ತದೆ. ಮೋಡ ಕವಿದ ಹೊತ್ತು ನೋಡಿ, ಬಿಳಿ ವಿನೆಗರ್ ಮತ್ತು ನೀರನ್ನು ಸಮ ಬೆರೆಸಿಕೊಂಡು ಒರೆಸಿದರೆ ಒಳ್ಳೆಯದು. ಇದೆಲ್ಲ ಮಾಡಿಯೂ ಒಂದು ಗೆರೆ ಉಳಿಯಿತು. ನಾನು ಒಳಗೆ, ಯಜಮಾನರು ಹೊರಗೆ. "ನಿಮ್ಮ ಕಡೆ" ಎಂದು ನಾನು ಬೆರಳು ತೋರಿಸಿದೆ. ಅವರು ನನ್ನ ಕಡೆ ತೋರಿಸಿದರು. ಗಾಜು ಮುಚ್ಚಿದ್ದರಿಂದ ಮಾತು ಕೇಳುತ್ತಿರಲಿಲ್ಲ. ಮದುವೆಯಾದ ಮೇಲೆ ಇಷ್ಟು ಶಾಂತವಾಗಿ ನಾವು ಜಗಳವಾಡಿದ್ದೇ ಇಲ್ಲ. ಇಂಥ ಮನೆಗಳಿಗೆ ಒಂದು ಉಪಾಯವಿದೆ: ಒಳಗಿನವರು ಮೇಲಿಂದ ಕೆಳಕ್ಕೆ, ಹೊರಗಿನವರು ಅಡ್ಡಕ್ಕೆ ಒರೆಸಬೇಕು. ಉಳಿದ ಗೆರೆ ಯಾವ ದಿಕ್ಕಿಗಿದೆ ಎಂದು ನೋಡಿದರೆ ಅಪರಾಧಿ ಸಿಕ್ಕಿಬೀಳುತ್ತಾನೆ. ನಮ್ಮ ಗೆರೆ ಓರೆಯಾಗಿತ್ತು. ಮಗ ಅಲ್ಲಿಂದ ಮೆಲ್ಲಗೆ ಜಾಗ ಖಾಲಿ ಮಾಡಿದ.

ಕೀಲುಗಳ ವಿಷಯದಲ್ಲಿ ಮಾತ್ರ ನಾವು ಪೂರ್ತಿ ಗೆದ್ದೆವು. ಜೋತುಬಿದ್ದು ನೆಲ ಕೆರೆಯುತ್ತಿದ್ದ ಕದಕ್ಕೆ ಬೇಕಿದ್ದದ್ದು ಮೇಲಿನ ಕೀಲಿನ ಸ್ಕ್ರೂ ಬಿಗಿ. ಸ್ಕ್ರೂ ತಿರುಗಿಸಿದಷ್ಟೂ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ; ತೂತು ಸವೆದಿತ್ತು. ಮದ್ದು ಕಿತ್ತುಹಾಕಿದ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುರುಕಿ, ಅಂಟು ಗಟ್ಟಿಯಾದ ಮೇಲೆ ಅದೇ ಸ್ಕ್ರೂ ಹಾಕಿದರೆ ಕಚ್ಚಿಕೊಂಡು ಕೂರುತ್ತದೆ. ಕಿರುಗುಡುತ್ತಿದ್ದ ಕೀಲಿನ ಪಿನ್ನು ತೆಗೆದು ಮೇಣದಬತ್ತಿ ಉಜ್ಜಿ ಮತ್ತೆ ಹಾಕಿದೆವು. ಬಾಗಿಲು ಮಾತು ನಿಲ್ಲಿಸಿತು. ಆಮೇಲೆ ಗೊತ್ತಾಯಿತು, ಆ ಕಿರುಗುಟ್ಟುವಿಕೆಯೇ ಮಗ ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತಾನೆ ಎಂದು ವರದಿ ಒಪ್ಪಿಸುತ್ತಿತ್ತು. ಈ ಮನೆಯಲ್ಲಿ ಕೀಲಿಗೆ ಎಣ್ಣೆ ಬಿಡಲು ಅವನಷ್ಟು ಉತ್ಸಾಹ ತೋರಿದವರು ಬೇರೆ ಇರಲಿಲ್ಲ ಎಂಬುದು ಅತ್ತೆಗೆ ತಡವಾಗಿ ಹೊಳೆಯಿತು.

ಇನ್ನು ಬಣ್ಣ.

ಬಣ್ಣ ಬಳಿಯುವುದು ಬ್ರಷ್ಷಿನ ಕೆಲಸ ಎಂದು ನಂಬಿದವರು ಉಪ್ಪುಕಾಗದ ಹಿಡಿದವರಲ್ಲ. ಮುಕ್ಕಾಲು ಪಾಲು ದುಡಿಮೆ ಉಜ್ಜುವುದರಲ್ಲೇ ಹೋಗುತ್ತದೆ: ಮೊದಲು ಒರಟಾದ 120ರ ಕಾಗದ, ಕೊನೆಗೆ ನಯವಾದ 220ರದ್ದು, ಮರದ ಎಳೆಯ ದಿಕ್ಕಿಗೇ. ಕಷ್ಟ ಕಂಡ ಯಜಮಾನರು ಹೊಳಪಿನ ಹಳೆ ಎನಾಮಲ್ ಮೇಲೆ ಸೀದಾ ಹೊಸ ಬಣ್ಣ ಬಳಿದರಾಯಿತು ಎಂದರು. ಮಗ ಮೊಬೈಲ್ ನೋಡಿ ತಡೆದ. ಎಣ್ಣೆ ಆಧಾರದ ಹಳೆ ಬಣ್ಣದ ಮೇಲೆ ನೀರು ಆಧಾರದ್ದನ್ನು ಉಜ್ಜದೆ, ಪ್ರೈಮರ್ ಇಲ್ಲದೆ ಬಳಿದರೆ ಉಗುರು ತಾಗಿದರೂ ಸಿಪ್ಪೆ ಏಳುತ್ತದಂತೆ. ಹಳೆಯದು ಯಾವ ಜಾತಿಯದೆಂದು ತಿಳಿಯಲು ಹತ್ತಿಗೆ ಸ್ಪಿರಿಟ್ ಹಚ್ಚಿ ತಿಕ್ಕಬೇಕು. ಹತ್ತಿಗೆ ಬಣ್ಣ ಹತ್ತಿದರೆ ನೀರಿನದ್ದು, ಹತ್ತದಿದ್ದರೆ ಎಣ್ಣೆಯದ್ದು. ಇದು ನಿಜಕ್ಕೂ ಉಪಯೋಗದ ಪರೀಕ್ಷೆ. ಜೊತೆಗೇ ಅವನು ಇನ್ನೊಂದು ಬಾಂಬು ಹಾಕಿದ: ಬಹಳ ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಅಮೆರಿಕದಲ್ಲೇ ಮನೆಬಣ್ಣದ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅಂಥದ್ದನ್ನು ಒಣದಾಗಿ ಉಜ್ಜಿ ದೂಳೆಬ್ಬಿಸಲೇಬಾರದು. ನಮ್ಮ ಬಾಗಿಲು ಅಷ್ಟು ಹಳೆಯದಲ್ಲವೆಂದು ಅತ್ತೆ ಸಾಕ್ಷಿ ನುಡಿಯುವವರೆಗೂ ಯಜಮಾನರು ಉಪ್ಪುಕಾಗದವನ್ನು ಖುಷಿಯಿಂದ ಕೆಳಗಿಟ್ಟಿದ್ದರು.

ಹಲಗೆ ಹಲಗೆಯಾಗಿ ಕೆತ್ತಿದ ಕದಕ್ಕೆ ಒಂದು ಕ್ರಮವಿದೆ. ಮೊದಲು ಒಳಗಿನ ತಗ್ಗಿನ ಹಲಗೆಗಳು, ಆಮೇಲೆ ಅಡ್ಡಪಟ್ಟಿಗಳು, ಕೊನೆಗೆ ಉದ್ದಪಟ್ಟಿಗಳು. ಕ್ರಮ ತಪ್ಪಿದರೆ ಅರೆ ಒಣಗಿದ ಬಣ್ಣದ ಮೇಲೆ ಬ್ರಷ್ಷು ಓಡಿ ಗೆರೆ ಮೂಡುತ್ತದೆ. ಇದೆಲ್ಲ ಸರಿಯಾಗಿಯೇ ನಡೆಯಿತು. ಯಾರ ಲೆಕ್ಕದಲ್ಲೂ ಇಲ್ಲದ ಸಂಗತಿ ಒಂದೇ: ಮುಂಬಾಗಿಲಿಗೆ ಬಣ್ಣ ಬಳಿದರೆ ಅದು ಒಣಗುವ ತನಕ ಮನೆ ಹಾರುಹೊಡೆದಿರಬೇಕು. ಲಂಡನ್ನಿನ 10 ಡೌನಿಂಗ್ ಸ್ಟ್ರೀಟಿಗೆ, ಅಂದರೆ ಬ್ರಿಟನ್ ಪ್ರಧಾನಿಯ ಮನೆಗೆ, ಒಂದೇ ಥರದ ಎರಡು ಮುಂಬಾಗಿಲುಗಳಿವೆ. ಒಂದು ದುರಸ್ತಿಗೆ ಹೋದಾಗ ಇನ್ನೊಂದು ಬಂದು ಕೂರುತ್ತದೆ. ನಮ್ಮಲ್ಲಿ ಬಾಗಿಲು ಒಂದೇ, ಬದಲಿಗೆ ಬಂದು ಕೂತವರು ಯಜಮಾನರು. ಕುರ್ಚಿ ಹಾಕಿಕೊಂಡು, ಒಳಗೆ ನುಗ್ಗುವ ಸೊಳ್ಳೆಗಳಿಗೆ ಮೊದಲ ನೈವೇದ್ಯವಾಗಿ. ಬುದ್ಧಿವಂತರು ಈ ಕೆಲಸವನ್ನು ಬೆಳಗ್ಗೆಯೇ ಶುರುಮಾಡುತ್ತಾರೆ.

ಹಸಿ ಬಣ್ಣಕ್ಕೂ ಮನುಷ್ಯನ ತೋರುಬೆರಳಿಗೂ ಏನೋ ಋಣಾನುಬಂಧ. "ಹಸಿ ಬಣ್ಣ, ಮುಟ್ಟಬೇಡಿ" ಎಂದು ಬರೆದು ತೂಗುಹಾಕಿದೆವು. ಅದುವರೆಗೆ ಸುಮ್ಮನೆ ದಾಟಿ ಹೋಗುತ್ತಿದ್ದವರೂ ಬೋರ್ಡು ಓದಿ, ನಿಂತು, ಮುಟ್ಟಿ, "ಹೌದು, ಹಸಿ ಇದೆ" ಎಂದು ನಮಗೇ ತಿಳಿಸಿ ಹೋದರು. ಕೆಲವರು ಬೆರಳು ಒರೆಸಿಕೊಳ್ಳಲು ಚೌಕಟ್ಟನ್ನೇ ಬಳಸಿಕೊಂಡರು. ಚೌಕಟ್ಟಿನದ್ದು ಬೇರೆ ಬಣ್ಣ.

ಮುಟ್ಟಿದರೆ ಅಂಟದು ಎಂದರೆ ಒಣಗಿತು ಎಂದಲ್ಲ. ಎಣ್ಣೆಬಣ್ಣ ಒಂದು ರಾತ್ರಿಯಲ್ಲಿ ಮೇಲ್ಮೈ ಕಟ್ಟಿಕೊಂಡರೂ ಒಳಗಿಂದ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಷ್ಟರೊಳಗೆ ಕದವನ್ನು ಒತ್ತಿ ಮುಚ್ಚಿದರೆ ಎರಡು ಹೊಸ ಮೈಗಳು ಪರಸ್ಪರ ಮೆಚ್ಚಿ ಒಂದಾಗಿಬಿಡುತ್ತವೆ. ನಮ್ಮ ಕೋಣೆಯ ಬಾಗಿಲು ಬೆಳಗ್ಗೆ ತೆರೆಯಲಿಲ್ಲ. ಒಳಗಿಂದ ಯಜಮಾನರು ಎಳೆದರು, ಹೊರಗಿಂದ ಮಗ ದೂಡಿದ. ಕೊನೆಗೆ ಬ್ಯಾಂಡೇಜು ಕಿತ್ತ ಸದ್ದಿನೊಂದಿಗೆ ಬಾಗಿಲು ಬಿಟ್ಟುಕೊಟ್ಟಿತು. ಜೊತೆಗೆ ಒಂದು ಉದ್ದನೆಯ ಬಣ್ಣದ ರಿಬ್ಬನ್ನೂ. ಕದ ತಾಗುವ ಅಂಚಿಗೆ ಒಂದಿಷ್ಟು ಮೇಣ ಸವರಿದ್ದರೆ ಇದು ತಪ್ಪುತ್ತಿತ್ತು.

ಕಿಟಕಿಗಳಲ್ಲಿ ಒಂದಂತೂ ಬಾಯಿ ಬಿಡಲೇ ಇಲ್ಲ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ತೆರಿಗೆ ಇತ್ತು. ಅದನ್ನು ತಪ್ಪಿಸಿಕೊಳ್ಳಲು ಜನ ಕಿಟಕಿಗಳನ್ನೇ ಇಟ್ಟಿಗೆಯಿಟ್ಟು ಮುಚ್ಚಿದ್ದರು. ನಾವು ತೆರಿಗೆಯ ಭಯವಿಲ್ಲದೆ, ಬರೀ ಬಣ್ಣದಿಂದ ಅದನ್ನು ಸಾಧಿಸಿದೆವು. ಇದಕ್ಕೆ ಸುತ್ತಿಗೆ ಮದ್ದಲ್ಲ. ಸಂದಿಯುದ್ದಕ್ಕೂ ಬ್ಲೇಡಿನಿಂದ ಬಣ್ಣದ ಪೊರೆ ಸೀಳಿ, ಮರದ ತುಂಡೊಂದನ್ನು ಚೌಕಟ್ಟಿಗೆ ಒತ್ತಿ ಹಿಡಿದು ಸುತ್ತಲೂ ಮೆಲ್ಲಗೆ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಗಾಜಿನ ಸುತ್ತ ಅಂಟಿಸುವ ಟೇಪನ್ನೂ ಬಣ್ಣ ಪೂರ್ತಿ ಒಣಗುವ ಮುಂಚೆಯೇ ಓರೆಯಾಗಿ ಎಳೆದು ತೆಗೆಯಬೇಕು. ಬಿಸಿಲಿಗೆ ಬಿಟ್ಟ ಟೇಪು ರೇಷನ್ ಕಾರ್ಡಿನಲ್ಲಿ ಹೆಸರು ಬರೆಸಿಕೊಂಡಷ್ಟು ಹಕ್ಕಿನಿಂದ ಕೂತುಬಿಡುತ್ತದೆ.

ಹಿಡಿಕೆ ಬದಲಿಸಿದರೆ ಬಾಗಿಲೇ ಬದಲಾದಂತೆ ಕಾಣುತ್ತದೆ ಎನ್ನುತ್ತಾರೆ, ನಿಜ. ಕಪಾಟಿನ ಹಿಡಿಕೆಗಳ ಅಳತೆಯೆಂದರೆ ಒಂದು ಸ್ಕ್ರೂವಿನ ನಡುವಿನಿಂದ ಇನ್ನೊಂದರ ನಡುವಿಗೆ: 96, 128, 160 ಮಿಲಿಮೀಟರ್, ಹೀಗೆ 32ರ ಮಗ್ಗಿಯಲ್ಲಿ ಹೋಗುತ್ತದೆ. ಯಜಮಾನರು ಹಿಡಿಕೆಯ ತುದಿಯಿಂದ ತುದಿಗೆ ಅಳೆದುಕೊಂಡು ಹೋಗಿದ್ದರು. ಹೊಸ ಹಿಡಿಕೆ ಥಳಥಳ ಹೊಳೆಯಿತು, ಅದರ ಪಕ್ಕದಲ್ಲೇ ಹಳೆಯ ತೂತುಗಳು ಕಣ್ಣು ಬಿಟ್ಟುಕೊಂಡು ನೋಡಿದವು. ಹಿಡಿಕೆಯ ಹಿಂದೆ ಕೂರುವ ಅಗಲದ ಲೋಹದ ತಟ್ಟೆಯನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನ ಮನೆಯಲ್ಲೂ ಇಂಥದೊಬ್ಬರು ಇದ್ದಿರಲೇಬೇಕು.

ಕನ್ನಡಿಯಂಥ ಫಿಲ್ಮ್ ತಂದದ್ದು ನಾನೇ, ಮತ್ತು ಅದನ್ನು ನಾನು ಈಗಲೂ ಸಮರ್ಥಿಸಿಕೊಳ್ಳುತ್ತೇನೆ. ಗಾಜಿಗೆ ಸೋಪುನೀರು ಚಿಮುಕಿಸಿ, ಫಿಲ್ಮ್ ಹಾಸಿ, ನಡುವಿನಿಂದ ಅಂಚಿಗೆ ರಬ್ಬರ್ ಪಟ್ಟಿಯಿಂದ ನೀರು ತಳ್ಳಿದೆವು. ಒಂದೇ ಒಂದು ಗುಳ್ಳೆ ಉಳಿಯಲಿಲ್ಲ. ಹಗಲು ಹೊರಗಿನವರಿಗೆ ಕಾಣುವುದು ಅವರ ಮುಖವೇ, ನಮಗೆ ಇಡೀ ಬೀದಿ. ಪರದೆ ಬೇಡ, ತೊಳೆಯುವ ತಾಪತ್ರಯ ಬೇಡ. ಯಜಮಾನರು ಆ ಧೈರ್ಯದ ಮೇಲೆ ಸಂಜೆಯ ಹೊತ್ತು ದೀಪ ಹಾಕಿಕೊಂಡು, ಕಿಟಕಿಯೆದುರೇ ಚಡ್ಡಿಯಲ್ಲಿ ವ್ಯಾಯಾಮ ಶುರುಮಾಡಿದರು. ಮೊದಲು ಕೈಕಾಲು ಬೀಸುತ್ತಿದ್ದರು, ಬರಬರುತ್ತಾ ಅದಕ್ಕೆ ಹಾಡೂ ಕುಣಿತವೂ ಸೇರಿತು. ಕೆಲವು ಕಾಲದ ನಂತರ ಎದುರುಮನೆಯವರು ಬಹಳ ಸಂಕೋಚದಿಂದ, "ನಿಮ್ಮ ಯಜಮಾನರ ಶಿಸ್ತು ಮೆಚ್ಚಬೇಕು, ಒಂದು ದಿನವೂ ತಪ್ಪಿಸುವುದಿಲ್ಲ" ಎಂದರು.

ಆ ಫಿಲ್ಮಿಗೆ ಪಕ್ಷಪಾತವಿಲ್ಲ. ಬೆಳಕು ಹೆಚ್ಚಿರುವ ಕಡೆಗೆ ಕನ್ನಡಿ, ಕತ್ತಲ ಕಡೆಗೆ ಕಿಟಕಿ. ರಾತ್ರಿ ಒಳಗೆ ದೀಪ ಹೊತ್ತಿತೆಂದರೆ ಪಾತ್ರಗಳು ಅದಲುಬದಲು. ಕನ್ನಡಿಯಲ್ಲಿ ತಮ್ಮ ಭಂಗಿ ನೋಡಿಕೊಂಡು ಸಂತೋಷಪಡುತ್ತಿದ್ದ ಯಜಮಾನರಿಗೆ ಆಚೆ ಪ್ರೇಕ್ಷಕವರ್ಗವಿದೆ ಎಂಬ ಅನುಮಾನವೇ ಬಂದಿರಲಿಲ್ಲ. ಹಗಲು ರಾತ್ರಿ ಎರಡಕ್ಕೂ ಮರೆ ಬೇಕಾದವರು ಮಬ್ಬುಗಾಜಿನಂಥ ಫಿಲ್ಮ್ ತರಬೇಕು, ಅದು ಯಾವ ಕಡೆಯವರಿಗೂ ಏನನ್ನೂ ಸರಿಯಾಗಿ ತೋರಿಸುವುದಿಲ್ಲ.

ಹೀಗೆ ಪರದೆ ಮರಳಿ ಬಂತು. ನನ್ನ ಅನುಭವದಲ್ಲಿ ಖರ್ಚಿಗಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಕಂಬಿಯನ್ನು ಕಿಟಕಿಯ ಚೌಕಟ್ಟಿನ ಮೇಲೆಯೇ ಹೊಡೆಯದೆ 10ರಿಂದ 15 ಸೆಂಟಿಮೀಟರ್ ಮೇಲಕ್ಕೆ, ಎರಡೂ ಪಕ್ಕಕ್ಕೆ ಅಷ್ಟೇ ಅಥವಾ ಇನ್ನೂ ಅಗಲಕ್ಕೆ ಹೊಡೆದರೆ ಪುಟ್ಟ ಕಿಟಕಿಯೂ ದೊಡ್ಡಸ್ತಿಕೆಯಿಂದ ನಿಲ್ಲುತ್ತದೆ. ಸಂದಿಯ ತಂಟೆಗೂ ಹೋಗುವುದಿಲ್ಲ. ಆದರೆ ಕಿಟಕಿಯ ನೆತ್ತಿಯ ಮೇಲೆ ಕಾಂಕ್ರೀಟಿನ ಲಿಂಟಲ್ ಇರುತ್ತದೆ, ಸಾಧಾರಣ ಡ್ರಿಲ್ಲು ಅಲ್ಲಿ ಶೋಕಗೀತೆ ಹಾಡುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಹ್ಯಾಮರ್ ಡ್ರಿಲ್ಲೇ ಬೇಕು.

ಕಡೆಯದಾಗಿ ಫೋಮ್ ಪಟ್ಟಿ. ದೂಳು, ಗಾಳಿ, ಹಲ್ಲಿ ಎಲ್ಲಕ್ಕೂ ತಡೆ ಎಂದು ಯಜಮಾನರು 5 ಮಿಲಿಮೀಟರ್ ದಪ್ಪದ್ದನ್ನು ತಂದು ಮುಂಬಾಗಿಲ ಅಂಚಿಗೆ ಸುತ್ತಲೂ ಅಂಟಿಸಿದರು. 3ರ ಸಂದಿಗೆ 5ರ ಪಟ್ಟಿ. ಬಾಗಿಲು ಮುಚ್ಚಲು ಭುಜ ಕೊಡಬೇಕಾಯಿತು, ಚಿಲಕ ಹಾಕಲು ಇಬ್ಬರು ಬೇಕಾಯಿತು. ಅದನ್ನು ಕಿತ್ತು ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದೆವು. ಅಷ್ಟರಲ್ಲಿ ಮಳೆ ಹಿಡಿಯಿತು. ಮರ ತೇವ ಹೀರಿದರೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ. ಹೊಸ ಬಣ್ಣದ ಪೊರೆ ಬೇರೆ ಸೇರಿತ್ತು. ಕದ ಚೌಕಟ್ಟಿಗೆ ಕಚ್ಚಿಕೊಂಡಿತು. ಬಿಸಿಲು ಬರುವ ತನಕ ಕಾಯಿರಿ, ತಾನೇ ಇಳಿಯುತ್ತದೆ ಎಂದು ಅತ್ತೆ ಹೇಳಿದ್ದು ಹತ್ತರಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಯಜಮಾನರು ಅಂಚನ್ನು ಹೆರೆದೇ ಹೆರೆದರು.

ಮಳೆ ನಿಂತಿತು, ಮರ ಆರಿತು, ಕದ ಸೊರಗಿತು. ಈಗ ಮುಚ್ಚಿದ ಬಾಗಿಲಿನ ಪಕ್ಕದಿಂದ ಪತ್ರಿಕೆಯನ್ನು ಮಡಚಿ ಒಳಗೆ ತೂರಿಸಬಹುದು. ಪತ್ರಿಕೆಯ ಹುಡುಗ ಹಾಗೇ ಮಾಡುತ್ತಾನೆ. ಒಂದು ಭಾನುವಾರ ಯಜಮಾನರು ಅಟ್ಟ ಹತ್ತಿ ಆ ಫೋಮ್ ಸುರುಳಿ ಇಳಿಸಿದರು. ಹೊಸ ಅಂಟು ಬಳಿದು ಅಂಚಿಗೆ ಒತ್ತಿ, ಕದ ಮುಚ್ಚಿದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

"ಮೊದಲಿಂದಲೂ ನನ್ನ ಪ್ಲಾನ್ ಇದೇ ಆಗಿತ್ತು" ಎಂದರು. ಅತ್ತೆ ಏನೂ ಹೇಳದೆ ಎದ್ದು ಹೋಗಿ ಹತ್ತರಿಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು.