ಕಟ್ಟಿದ ಪರೀಕ್ಷೆ

"ಅಪ್ಪಾ, ಎಗ್ಸಾಮ್ ಬರೀಲಾ, ಬೇಡ್ವಾ?" ಅಂತ ಮಗಳು ಕೇಳಿದಾಗ ನಾನು ದೋಸೆ ಮಗುಚುತ್ತಿದ್ದೆ. ಸಟ್ಟುಗ ಕೈಯಲ್ಲೇ ಉಳಿಯಿತು, ದೋಸೆ ಸೀದಿತು. ಹಾಸನದ ಸರ್ಕಾರಿ ಶಾಲೆಯಲ್ಲಿ ಓದಿದವನು ನಾನು. ಜ್ವರ ಬಂದರೆ ಮಾತ್ರೆ ನುಂಗಿ ಹೋಗಿ ಬರೆಯಬೇಕಿತ್ತು, ಅಷ್ಟೇ. ಬರೆಯಲಾ ಅಂತ ಕೇಳಿದ್ದರೆ ಅಪ್ಪ ಬೆತ್ತ ಹುಡುಕುತ್ತಿದ್ದರು.

ಈಗ ನಾವಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂತ ಒಂದಿದೆ. ಕಾಲೇಜಿನ ಮೊದಲ ವರ್ಷದ ಪಾಠವನ್ನು ಹೈಸ್ಕೂಲಿನಲ್ಲೇ ಮುಗಿಸುವ ಏರ್ಪಾಡು. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ಅದರ ಪರೀಕ್ಷೆ ನಡೆಸಿ 1ರಿಂದ 5ರೊಳಗೆ ಒಂದು ಅಂಕ ಕೊಡುತ್ತದೆ. ಮಗಳ ಶಾಲೆಯಲ್ಲಿ ಪಾಠಕ್ಕೆ ಕೂತವರು ಪರೀಕ್ಷೆಗೂ ಕೂರಲೇಬೇಕೆಂದಿಲ್ಲ. ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳಿದರೆ, "ಎಪಿ ಅಂದ್ರೆ ಆಂಧ್ರದ್ದಾ? ಅಲ್ಲಿಗೂ ಬಂತಾ?" ಅಂದರು. ನಮ್ಮ ಬೀದಿಯ ಮನೆಗಳನ್ನು ಎಣಿಸಿದರೆ ಅಮ್ಮನ ಅನುಮಾನ ತೀರಾ ತಪ್ಪೂ ಅಲ್ಲ.

ಇವಳದ್ದು ಕ್ಯಾಲ್ಕುಲಸ್ ಬಿಸಿ (BC) ಅನ್ನುವ ಗಣಿತದ ಪರೀಕ್ಷೆ. ಮೂರೂಕಾಲು ಗಂಟೆ, 45 ಬಹು ಆಯ್ಕೆಯ ಪ್ರಶ್ನೆ, ಬಿಡಿಸಿ ತೋರಿಸಬೇಕಾದ 6 ಲೆಕ್ಕ. ಕಾಲೇಜಿನಲ್ಲಿ ಸೀಟು ಸಿಕ್ಕಾಗಿದೆ, ಆದ್ದರಿಂದ ಇನ್ನು ಅದರಿಂದ ಆಗಬೇಕಾದ್ದೇನೂ ಇಲ್ಲ ಅನ್ನುವುದು ಅವಳ ವಾದ. ಒಳ್ಳೆಯ ಅಂಕ ಬಂದರೆ ಎಷ್ಟೋ ಕಾಲೇಜುಗಳಲ್ಲಿ ಗಣಿತದ ಎರಡು ಸೆಮಿಸ್ಟರ್ ತಪ್ಪುತ್ತದೆ, ಆ ಫೀಸಿನ ಮುಂದೆ ಪರೀಕ್ಷೆಯ 99 ಡಾಲರ್ ಕಡಲೆಪುರಿ ಅನ್ನುವುದು ನನ್ನ ವಾದ. "ನಾನು ಸೇರೋ ಕಾಲೇಜಿನ ಡಿಪಾರ್ಟ್‌ಮೆಂಟಿನವರು ಅಲ್ಲಿ ಇನ್ನೊಂದ್ಸಲ ಓದೋದೇ ಒಳ್ಳೇದು ಅಂತಾರೆ" ಅನ್ನುತ್ತಾಳೆ. ಅಂಕ ಕೆಟ್ಟರೆ ಅದನ್ನು ಕಾಲೇಜಿಗೆ ಕಳಿಸದೇ ಇರಬಹುದು, ನಷ್ಟವಿಲ್ಲ ಅನ್ನುತ್ತೇನೆ. ಲಾಭವೂ ಇಲ್ಲ ಅನ್ನುತ್ತಾಳೆ. ದುಡ್ಡು ನವೆಂಬರಿನಲ್ಲೇ ಹೋಗಿದೆ, ಈಗ ಬೇಡವೆಂದರೆ 40 ಡಾಲರ್ ಮುರಿದುಕೊಳ್ಳುತ್ತಾರೆ. "ಮುಯ್ಯಿ ಓದಿಸಿ ಊಟ ಮಾಡ್ದೆ ಬರೋದುಂಟೇನೇ?" ಅಂದೆ. ಮುಯ್ಯಿ ಅಂದರೇನೆಂದು ವಿವರಿಸುವಷ್ಟರಲ್ಲಿ ಅವಳ ಬಸ್ಸು ಬಂತು.

ಹೀಗೆ ಯಾರೂ ಕೇಳದ ಪರೀಕ್ಷೆ ಬರೆದವರು ನಮ್ಮ ಮನೆಯಲ್ಲಿ ಒಬ್ಬರೇ, ಚಿಕ್ಕಮ್ಮ. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಮೂರನ್ನೂ ಕಟ್ಟಿ ಪಾಸು ಮಾಡಿದವರು. (ನಮ್ಮ ಕಡೆ ಪರೀಕ್ಷೆಯನ್ನು ಬರೆಯುವುದಕ್ಕಿಂತ ಕಟ್ಟುವುದೇ ಹೆಚ್ಚು, ಚೀಟಿ ಕಟ್ಟಿದ ಹಾಗೆ.) ಕೆಲಸಕ್ಕೆ ಹೋಗುವವರಲ್ಲ, ಬಡ್ತಿಯ ಆಸೆ ಇರಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಹಪ್ಪಳ ಕಾಯಲು ಕೂತರೆ ತೊಡೆಯ ಮೇಲೆ ಕುಮಾರವ್ಯಾಸ. ಷಟ್ಪದಿ ಗುನುಗುತ್ತ ಗುನುಗುತ್ತ, ಕಾಗೆ ಎರಡು ಹಪ್ಪಳ ಎತ್ತಿಕೊಂಡು ಹೋದದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಜಾಣ ಪಾಸಾದ ಮೇಲಂತೂ ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ ಚಿಕ್ಕಪ್ಪ "ಜಾಣೆಯ ಸಾರು, ಸುಮ್ನೆ ಉಣ್ಣಿ" ಅನ್ನುವರು. ಒಮ್ಮೆ ಕೇಳಿದ್ದೆ, ಯಾಕೆ ಕಟ್ಟಿದ್ರಿ ಅಂತ. "ಸುಮ್ನೆ ಓದ್ತೀನಿ ಅಂದ್ರೆ ಯಾರು ಬಿಡ್ತಿದ್ರೋ? ಪರೀಕ್ಷೆ ಇದೆ ಅಂದ್ರೆ ನಮ್ಮತ್ತೇನೂ ಕಾಫಿ ತಂದು ಪಕ್ಕದಲ್ಲಿಟ್ಟು ಹೋಗೋರು."

ಪರೀಕ್ಷೆ ಸೋಮವಾರ ಬೆಳಿಗ್ಗೆ 8ಕ್ಕೆ. ಭಾನುವಾರ ರಾತ್ರಿ ಊಟವಾದ ಮೇಲೆ ನೋಡಿದರೆ ಮಗಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಟೇಲರ್ ಸರಣಿ ಬಿಡಿಸುತ್ತಿದ್ದಾಳೆ. ಪೆನ್ಸಿಲಿನ ತುದಿ ಮೊಂಡಾಗಿದೆ, ಅಂಗೈಯ ಅಂಚೆಲ್ಲ ಸೀಸದ ಮಸಿ. ಮೂರನೆಯ ಪದದಲ್ಲಿ ಎಲ್ಲೋ ಚಿಹ್ನೆ ತಪ್ಪಿರಬೇಕು, ನಾಲಿಗೆ ಕಚ್ಚಿಕೊಂಡು ಅಳಿಸುತ್ತಿದ್ದಳು.

"ಹಾಗಾದ್ರೆ ಬರೀತೀಯಾ?"

"ಇನ್ನೂ ಗೊತ್ತಿಲ್ಲ" ಅಂದಳು, ತಲೆ ಎತ್ತದೆ. "ಆದ್ರೆ ನಂಗೆ ನಾಳೆ ಎಗ್ಸಾಮ್ ಇದೆ ಅಂತ ಅಮ್ಮಂಗೆ ಹೇಳು. ಇವತ್ತು ಡಿಶ್‌ವಾಷರ್ ನೀನು ಖಾಲಿ ಮಾಡು."

ಖಾಲಿ ಮಾಡಿದೆ. ಆಮೇಲೆ ಕಾಫಿಯನ್ನೂ ಇಟ್ಟು ಬಂದೆ.