ಎರವಲು ಬೂಟು

ನನ್ನ ಅಜ್ಜನ ಮೊದಲ ಸಂದರ್ಶನದ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಾಲಿಗೆ ದೊಡ್ಡದಾಗುವ ಎರವಲು ಬೂಟು, ಅದರ ತುದಿಗೆ ತುರುಕಿದ ಪತ್ರಿಕೆಯ ಹಾಳೆ, ಒಳಗೆ ಕರೆಯುವ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮೇಲೆ ಕಳಚಿಕೊಂಡ ಎಡಗಾಲಿನದು. ಇಷ್ಟಾದ ಮೇಲೆ ಅಜ್ಜ ತಪ್ಪದೆ ಕೆಮ್ಮಿ, ಗಂಟಲು ಸರಿಪಡಿಸಿಕೊಂಡು, "ಕಷ್ಟಪಟ್ಟವನಿಗೆ ಫಲ ಇದ್ದೇ ಇದೆ, ತಿಳಿಯಿತೇನಪ್ಪಾ?" ಎನ್ನುತ್ತಿದ್ದರು. ಆ ಕೆಮ್ಮು ಬಂತೆಂದರೆ ಮೊಮ್ಮಕ್ಕಳೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದೆವು.

ಹಿರಿಯರ ಬದುಕಿನ ಕಥೆಗಳಿಗೆ ಕಿವಿಗೊಡಬೇಕೆಂದು ಎಲ್ಲರೂ ಹೇಳುತ್ತಾರೆ. ಕಿವಿಗೊಡುವುದೇನೋ ಸುಲಭ, ಕಥೆಯ ಬಾಲಕ್ಕೆ ಜೋತುಬಿದ್ದ ನೀತಿಯನ್ನು ತಾಳಿಕೊಳ್ಳುವುದು ಕಷ್ಟ. ಕುಂಟುತ್ತಾ ಮೆಟ್ಟಿಲು ಹತ್ತುವ ಹುಡುಗನಿಗೆ ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಹೇಳುವ ಅಜ್ಜನಿಗೆ ಗೊತ್ತು. ಗೊತ್ತಿರುವವರು ಗೊತ್ತಿಲ್ಲದವನ ಪರವಾಗಿ ಮಾತನಾಡಿದರೆ, ಅವನ ಎದೆಬಡಿತವೆಲ್ಲ ಎಲ್ಲೋ ಸೋರಿಹೋಗಿರುತ್ತದೆ.

ಇಷ್ಟು ಉದ್ದದ ಬಾಳಿನಲ್ಲಿ ಹರೆಯದ ಕಥೆಗಳೇ ಏಕೆ ಮೇಲೆ ಬರುತ್ತವೆ ಎಂಬ ನನ್ನ ತಕರಾರಿಗೆ ಮನೋವಿಜ್ಞಾನಿಗಳಲ್ಲಿ ಉತ್ತರವಿದೆ. ನಡುವಯಸ್ಸು ದಾಟಿದವರಿಗೆ ಸುಮಾರು 10ರಿಂದ 30ರ ವಯಸ್ಸಿನ ನಡುವಿನ ನೆನಪುಗಳೇ ದಟ್ಟವಾಗಿರುತ್ತವಂತೆ. ಮೊದಲ ಕೆಲಸ, ಮೊದಲ ಪ್ರೀತಿ, ಮನೆ ಬಿಟ್ಟ ದಿನ, ಎಲ್ಲವೂ ಆ ಗಂಟಿನಲ್ಲೇ. ಇದನ್ನು ಓದಿದ ದಿನ ನಾನು ಸ್ವಲ್ಪ ಪೆಚ್ಚಾದೆ. ಅಜ್ಜನ ಕಥೆಯೊಳಗಿರುವವನು ನನ್ನದೇ ವಯಸ್ಸಿನವನು! ಇಷ್ಟು ವರ್ಷ ಅಜ್ಜನ ಮಾತು ಕೇಳಿದ್ದೆನೇ ಹೊರತು ಆ ಹುಡುಗನನ್ನು ಒಮ್ಮೆಯೂ ಮಾತನಾಡಿಸಿರಲಿಲ್ಲ.

ಹಳೆಯದನ್ನು ಮೆಲುಕು ಹಾಕುವುದು ಅರಳುಮರಳಿನ ಲಕ್ಷಣವಲ್ಲ, ಬಾಳಿನ ಲೆಕ್ಕವನ್ನು ಮತ್ತೆ ತಾಳೆ ನೋಡುವ ಸಹಜ ಕೆಲಸ ಎಂಬರ್ಥದಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಲೆಕ್ಕ ತಾಳೆಯಾಗುವವರೆಗೆ ಮತ್ತೆ ಮತ್ತೆ ಕೂಡಿಸಲೇಬೇಕಲ್ಲ. ಅಜ್ಜನದಂತೂ ಸುಲಭಕ್ಕೆ ತಾಳೆಯಾಗುತ್ತಿರಲಿಲ್ಲ. ಬೂಟು ಒಮ್ಮೆ ಗೆಳೆಯನದು, ಇನ್ನೊಮ್ಮೆ ಅಣ್ಣನದು. ಕೆಲವು ಸಲ ಮಳೆಯೂ ಬರುತ್ತಿತ್ತು. ನೆನಪು ಹೇಳಿದಷ್ಟೂ ಬದಲಾಗುವ ವಸ್ತು. ಅದನ್ನು ಸುಳ್ಳೆಂದು ಕರೆಯಲು ನನಗೆ ಮನಸ್ಸಿಲ್ಲ. ಮಳೆ ಬಂದ ದಿನ ಕಥೆ ಚೆನ್ನಾಗಿಯೂ ಇರುತ್ತಿತ್ತು.

ಒಂದು ಸಂಜೆ, ಕೆಮ್ಮು ಬರುವ ಮೊದಲೇ ನಡುವೆ ಬಾಯಿ ಹಾಕಿದೆ. "ಅಜ್ಜ, ಆ ಬೂಟನ್ನು ವಾಪಸು ಕೊಟ್ಟಿರಾ?"

ಮೌಖಿಕ ಇತಿಹಾಸ ದಾಖಲಿಸುವವರು, ಹೌದು ಅಥವಾ ಇಲ್ಲ ಎಂಬಲ್ಲಿಗೆ ಮುಗಿಯುವ ಪ್ರಶ್ನೆ ಕೇಳಬೇಡಿ ಎನ್ನುತ್ತಾರೆ. ನನ್ನದು ಅಂಥದ್ದೇ. ಅಜ್ಜ ಬಹಳ ಹೊತ್ತು ಕನ್ನಡಕ ಒರೆಸುತ್ತಾ ಕುಳಿತರು.

"ಇಲ್ಲ."

ಮೊದಲ ಸಂಬಳದಲ್ಲಿ ಹೊಸ ಜೊತೆಯನ್ನೇ ಕೊಡೋಣವೆಂದು ತಡಮಾಡಿದರಂತೆ. ಅಷ್ಟರಲ್ಲಿ ಗೆಳೆಯ ಊರು ಬಿಟ್ಟಿದ್ದ. (ಬೂಟು ಅಣ್ಣನದಲ್ಲವೆಂಬುದು ಅಲ್ಲಿಗೆ ಇತ್ಯರ್ಥವಾಯಿತು.) ಅದೇ ವಾರ ಅವನಿಗೂ ಒಂದು ಸಂದರ್ಶನವಿತ್ತು ಎಂದು ಅಜ್ಜ ಮೆಲ್ಲಗೆ ಸೇರಿಸಿದರು.

"ಹಾಗಾದರೆ ಅವನು ಏನು ಹಾಕಿಕೊಂಡು ಹೋದ?"

"ಅದನ್ನೇ ಕೇಳಲಿಲ್ಲ ನೋಡು" ಎಂದರು ಅಜ್ಜ.