ಸತ್ಯಾಂಶ: ಕಾರ್ಡ್ ತೋರಿಸಿದರೆ ಫ್ಲಾಟ್ ಸಿಗುತ್ತದಾ?

"18 ತುಂಬಿದ ಅಂಗವಿಕಲ ಮಕ್ಕಳಿಗೆ ಸರ್ಕಾರದಿಂದ ಉಚಿತ ಫ್ಲಾಟ್. ಯುಡಿಐಡಿ ಕಾರ್ಡ್ ಇದ್ದರೆ ಸಾಕು." ಮುಂಬೈ ಹತ್ತಿರದ ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಈ ಮೆಸೇಜ್ ಓಡಾಡುತ್ತಿದೆ. ಅಂಥ ಯೋಜನೆ ಇಲ್ಲ. ಯುಡಿಐಡಿ ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಕಾರ್ಡ್, ಅಷ್ಟೇ.

ಮಹಾರಾಷ್ಟ್ರ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾದ ಮನೆ ಲಾಟರಿಯಲ್ಲಿ ಅಂಗವಿಕಲರ ಕೋಟಾ ಇದೆ, ನಿಜ. ಆದರೆ ಹೆಸರು ಬಂದರೂ ಮನೆಯ ದುಡ್ಡು ಕಟ್ಟಲೇಬೇಕು.

ಮೆಸೇಜಿನ ಮೂಲ ಬಹುಶಃ ಘರೌಂದಾ. ಇದು ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ಯೋಜನೆ. ಫ್ಲಾಟ್ ಅಲ್ಲ, ಹಲವರು ಒಟ್ಟಿಗಿರುವ ಆರೈಕೆಯ ಮನೆ. ನಡೆಸುವುದು ನೋಂದಾಯಿತ ಸಂಸ್ಥೆ, ಟ್ರಸ್ಟಿನ ಹಣ ಹೋಗುವುದೂ ಅದಕ್ಕೇ. ಯಾರ ಹೆಸರಿಗೂ ಮನೆ ಬರೆದುಕೊಡುವುದಿಲ್ಲ. ಯುಡಿಐಡಿ 21 ಬಗೆಯ ವೈಕಲ್ಯಗಳಿಗೆ ಸಿಗುತ್ತದೆ. ಟ್ರಸ್ಟಿನ 1999ರ ಕಾಯ್ದೆ ನಾಲ್ಕಕ್ಕೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ. ಸೀಟುಗಳೂ ಕಮ್ಮಿ. ಹಾಗಾಗಿ "ನಮ್ಮ ನಂತರ ಯಾರು?" ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಇಂಥ ಮೆಸೇಜ್ ಸುಮ್ನೆ ಆಸೆ ಹುಟ್ಟಿಸುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಮೆಸೇಜ್ ಹೇಳದ ಕೆಲಸವೊಂದು ಇದೆ. ಈ ನಾಲ್ಕು ವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ ಬೇಕಾದರೆ ಕಾನೂನಿನ ಪ್ರಕಾರ ಪೋಷಕರನ್ನು (ಗಾರ್ಡಿಯನ್) ನೇಮಿಸಿಕೊಳ್ಳಬಹುದು. ಹೆತ್ತವರೇ ಆದರೂ ಅದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಅದನ್ನು ನೋಡುತ್ತದೆ. ಡೊಂಬಿವಲಿಯವರಿಗೆ ಅಂದರೆ ಠಾಣೆ ಜಿಲ್ಲೆಯದು. ಕೋರ್ಟಿಗೆ ಅಲೆಯಬೇಕಿಲ್ಲ. ಜೊತೆಗೆ ಇದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೂ ಹೆಸರು ಹಚ್ಚಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ.